ದಾಳ ಉರುಳುವ ಮೊದಲು

ನನ್ನ ಚಿಕ್ಕಪ್ಪನ ಮಗಳು ಸುಮಾ ಅಂಜನಾಪುರದಲ್ಲಿ ಕುರಿ ಮೇಯಿಸುತ್ತಾಳೆ, ಉಳಿದ ಹೊತ್ತಿನಲ್ಲಿ ರಾಕ್ಷಸರನ್ನು ಕೊಲ್ಲುತ್ತಾಳೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಮಂತ್ರವಾದಿಗಳ ಆಟ. ಏನು ಮಾಡಬೇಕೆಂದು ನಾವು ಆರಿಸಬೇಕು; ಅದು ಕೈಗೂಡುತ್ತದೋ ಇಲ್ಲವೋ ದಾಳ ಹೇಳುತ್ತದೆ. ಹೊಸದಾಗಿ ಆಡುವವರಿಗೆ ಅವಳು ಯೂಟ್ಯೂಬಿನಲ್ಲಿ ಬುದ್ಧಿ ಹೇಳುತ್ತಾಳೆ: "ದಾಳ ಕೆಟ್ಟದಾಗಿ ಬಿತ್ತು ಅಂತ ಹಿಂದಕ್ಕೆ ಹೋಗಿ ಮತ್ತೆ ಹಾಕಬ್ಯಾಡ್ರಿ. ಬಿದ್ದದ್ದು ಬಿತ್ತು, ಮುಂದೆ ಆಡ್ರಿ." ಅದನ್ನು ಚಾಚೂ ತಪ್ಪದೆ ಪಾಲಿಸಿದ ಶಿಷ್ಯ ಒಬ್ಬನೇ, ಅವಳಪ್ಪ ಹುಚ್ಚರಾಯಪ್ಪ. ಸೋತು ಸುಣ್ಣವಾದರೂ ಹಿಂದಕ್ಕೆ ಹೋಗುತ್ತಿರಲಿಲ್ಲ, ಪುಣ್ಯಾತ್ಮ.

ಕಳೆದ ಆಷಾಢದಲ್ಲಿ ಚಿಕ್ಕಮ್ಮ ಈಶ್ವರಮ್ಮ ಹೊಟ್ಟೆನೋವಿನಿಂದ ಹಾಸಿಗೆ ಹಿಡಿದಳು. ಕರುಳು ತಿರುಚಿಕೊಂಡಿದೆ, ಸಂಜೆಯೊಳಗೆ ಆಪರೇಷನ್ ಆಗದಿದ್ದರೆ ಉಳಿಯುವುದಿಲ್ಲ ಎಂದರು ಶಿಕಾರಿಪುರದ ಡಾಕ್ಟರು. ಒಪ್ಪಿಗೆ ಕಾಗದಕ್ಕೆ ಸಹಿ ಹಾಕಬೇಕಾದ ಚಿಕ್ಕಪ್ಪ ಬೈಕು ಹತ್ತಿ ಊರ ದೇವರಲ್ಲಿ ಹೂ ಕೇಳಲು ಓಡಿದ. ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಎಡಕ್ಕೆ ಬಿತ್ತು.

ಆಸ್ಪತ್ರೆಗೆ ಮರಳಿ ಬಂದವನು, "ಮನಿಗೆ ಕರ್ಕೊಂಡು ಹೋಗಾನ," ಎಂದ. ನನಗೆ ಮೈಯೆಲ್ಲ ಉರಿಯಿತು.

"ಇನ್ನೊಂದ್ಸಲ ಕೇಳಪ್ಪ," ಸುಮಾ ಅಂಗಲಾಚಿದಳು.

"ಬಿದ್ದದ್ದು ಬಿತ್ತು ಅಂತ ನೀನೇ ಹೇಳಿಕೊಟ್ಟಿದ್ದಲ್ಲೇನವ್ವ?"

ಪರದೆಯ ಆಚೆ ಚಿಕ್ಕಮ್ಮ ನರಳುತ್ತಿದ್ದಳು. ನರ್ಸ್ ಮತ್ತೆ ಬಂದು, "ಏನ್ ತೀರ್ಮಾನ ಮಾಡಿದ್ರಿ?" ಎಂದು ಗದರಿ ಹೋದಳು. ನಾನು ಚಿಕ್ಕಪ್ಪನಿಗೆ ಬೈಯಲು ಹೊರಟೆ, ಸುಮಾ ನನ್ನ ಕೈ ಹಿಡಿದಳು.

"ಅಪ್ಪ, ಆಟದಾಗೆ ದಾಳ ಯಾವಾಗ ಉರುಳ್ತೈತಿ? ಹಿಂಗೆ ಮಾಡ್ತೀನಿ ಅಂತ ನಾವು ಆರಿಸಿದ ಮ್ಯಾಲೆ. ನೀನು ಆರಿಸ್ಲೇ ಇಲ್ಲ. ಅದನ್ನೂ ದೇವ್ರ ತಲಿಗೆ ಕಟ್ಟಿ ಬಂದೀಯ."

ಚಿಕ್ಕಪ್ಪ ಗೋಡೆಗೊರಗಿ ಕುಸಿದ. "ನಾನು ಸೈನ್ ಹಾಕಿ ಅವಳು ಹೋಗಿಬಿಟ್ರೆ? ಕೊಂದೋನು ನಾನಾಗಲ್ವೇನವ್ವ?" ಎಂದು ಅತ್ತೇಬಿಟ್ಟ. ಅಷ್ಟು ಹೊತ್ತು ಅವನನ್ನು ಮೊಂಡನೆಂದುಕೊಂಡಿದ್ದೆ. ಅವನು ಹೆದರಿ ಸಾಯುತ್ತಿದ್ದ.

"ರೀ..." ಒಳಗಿನಿಂದ ಚಿಕ್ಕಮ್ಮ ಕೂಗಿದಳು. ಪರದೆ ಸರಿಸಿದೆವು. ಮಂಚದ ಸರಳು ಬಿಗಿಯಾಗಿ ಹಿಡಿದು, ಹಲ್ಲು ಕಚ್ಚಿಕೊಂಡು ಗಂಡನನ್ನೇ ನೋಡುತ್ತಿದ್ದಳು.

"ದೇವ್ರನ್ನ ಕೇಳಿದ್ರಿ, ದಾಳನೂ ಕೇಳಿದ್ರಿ. ನನ್ನ ಯಾರೂ ಕೇಳ್ಲಿಲ್ಲ. ಆ ಕಾಗ್ದ ಇಲ್ಲಿ ಕೊಡ್ರಿ. ನಾನು ಬದುಕ್ಬೇಕು."

ಚಿಕ್ಕಪ್ಪ ಪೆನ್ನು ಅವಳ ಬೆರಳುಗಳ ನಡುವೆ ಇಟ್ಟು, ಅವಳ ಮಣಿಕಟ್ಟಿಗೆ ತನ್ನ ಕೈ ಆಸರೆ ಕೊಟ್ಟ. ಸಹಿ ಅವಳೇ ಹಾಕಿದಳು, ಉಳಿದೂ ಬಂದಳು.