ಆರನೆಯ ಪಟ್ಟಿ

ಕೊಟ್ಟೂರಿನ ಆ ಮೇಸ್ತ್ರಿ ಕಾರಿನ ಹಿಂಭಾಗವನ್ನು ಅಂಗೈಯಿಂದ ಒತ್ತಿ ಬಿಟ್ಟು, ಅದು ಎಷ್ಟು ಸಲ ಕುಣಿಯುತ್ತದೆಂದು ನೋಡುತ್ತಿದ್ದರು. ಹಳೆಯ ಕಾರುಗಳ ಓಟಕ್ಕೆ ನನ್ನ ಕಾರನ್ನು ಸಜ್ಜುಮಾಡುತ್ತಿದ್ದವರು ಅವರೇ. ಹಿಂದಿನ ಚಕ್ರಗಳ ಮೇಲೆ ಭಾರ ಹೊರುವ ಕಮಾನು ಸ್ಪ್ರಿಂಗಿಗೆ ಐದೇ ಉಕ್ಕಿನ ಪಟ್ಟಿಗಳಿರಬೇಕೆಂಬುದು ಓಟದ ನಿಯಮ. ತಿರುವಿನಲ್ಲಿ ಕಾರು ಓಲಾಡುತ್ತದೆಂದು ನಾನು ಗೊಣಗಿದರೆ, “ಇದ್ದದ್ದರಾಗ ನೋಡೂಣ್ರಿ” ಎನ್ನುತ್ತ ಪಟ್ಟಿಗಳು ಸುಲಭವಾಗಿ ಜಾರದಂತೆ ಅವುಗಳ ನಡುವಿನ ಗ್ರೀಸ್ ಒರೆಸಿ ಕಮಾನನ್ನು ಬಿಗಿಮಾಡುತ್ತಿದ್ದರು.

ನನಗೆ ಅಷ್ಟು ಸಾಲಲಿಲ್ಲ. ಒಮ್ಮೆ ಅವರಿಗೆ ತಿಳಿಸದೆ, ಬೇರೊಬ್ಬರ ಶೆಡ್ಡಿನಲ್ಲಿ ಆರನೆಯ ಪಟ್ಟಿ ಹಾಕಿಸಿದೆ. ಓಟದ ಬೆಳಿಗ್ಗೆ ಹಗರಿಬೊಮ್ಮನಹಳ್ಳಿಯ ಬಯಲಿನಲ್ಲಿ ಮೇಸ್ತ್ರಿ ಎಂದಿನಂತೆ ಕಾರನ್ನು ಒತ್ತಿದರು. ಅದು ಒಮ್ಮೆಯೂ ಕುಣಿಯಲಿಲ್ಲ. ಬಗ್ಗಿ ನೋಡಿದವರೇ ನೇರ ಓಟದ ತಪಾಸಣೆಯವರ ಬಳಿ ಹೋದರು.

“ಆರು ಪಟ್ಟಿ ಅದಾವ್ರಿ. ತಪ್ಪು ನಂದಾ.”

“ಏನ್ ಮೇಸ್ತ್ರಿ, ಐದರ ತನಕ ಎಣಸಾಕ ಬರಂಗಿಲ್ಲೇನು?” ಎಂದರು ತಪಾಸಣೆಯವರಲ್ಲೊಬ್ಬರು.

ಸುತ್ತಲಿದ್ದವರೆಲ್ಲ ನಕ್ಕರು. ಕಾರು ಓಟದಿಂದ ಹೊರಬಿತ್ತು. ಪಕ್ಕದಲ್ಲೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಆ ನಗು ಈ ವಯಸ್ಸಿನಲ್ಲೂ ನನ್ನ ಕಿವಿಯಲ್ಲಿದೆ.

ಮರುವಾರ ಕಾರನ್ನು ಮೇಸ್ತ್ರಿಯ ಶೆಡ್ಡಿಗೆ ಒಯ್ದು, “ತಪಾಸಣೆಯವರಿಗೆ ಎಲ್ಲರ ಮುಂದ ಖರೇ ಹೇಳಿ ಬಂದೀನ್ರಿ” ಎಂದೆ.

ಮೇಸ್ತ್ರಿ ಆರನೆಯ ಪಟ್ಟಿಯನ್ನು ಬಿಚ್ಚಿ ಮೂಲೆಗಿಟ್ಟರು. ಗ್ರೀಸ್ ಒರೆಸುವ ಬಟ್ಟೆಯನ್ನು ನನ್ನ ಕೈಗೆ ಕೊಟ್ಟರು.

“ಬರ್ರಿ ಅಣ್ಣಾರ, ಕಾರಿನ ಕೆಳಗ ಮಲಕ್ಕೊಳ್ರಿ. ಈ ಸಲ ನೀವಾ ಒರಸ್ರಿ. ಇದ್ದದ್ದರಾಗ ನೋಡೂಣ್ರಿ.”