ಬೀಮು ಅಡ್ಡಡ್ಡ ಬರುವ ಬಾಗಿಲು

ಶೇವಂತಾಳನ್ನು ನಾನು ಮೊದಲು ಕಂಡ ದಿನ ಅವಳು ಮಗ್ಗದ ಕೆಳಗೆ ಮಲಗಿದ್ದಳು. ಬರೀ ಪಾದ ಕಾಣುತ್ತಿದ್ದವು. ನನ್ನ ಯಜಮಾನರು ತೀರಿ ಆಗ ಒಂದು ವರ್ಷ. ಕಂಡಿಕೆಗೆ ದಾರ ಸುತ್ತುವ ಕೆಲಸ ಸಿಗುತ್ತದೆಂದು ಯಾರೋ ಹೇಳಿದ್ದಕ್ಕೆ ಅಕ್ಕೋಳದಿಂದ ಬೋರಗಾಂವಕ್ಕೆ ಬಂದಿದ್ದೆ.

‘ಯಾರದೀರಿ ಒಳಗ?’ ಎಂದೆ.

‘ಆ ಸಣ್ಣ ಪಾನಾ ಕೊಡ್ರಿ ಮಾವಶಿ,’ ಎಂದು ಕೆಳಗಿನಿಂದಲೇ ಕೈ ಚಾಚಿದಳು.

ಕೊಟ್ಟೆ. ಬೋಲ್ಟು ಬಿಗಿ ಮಾಡಿ ಹೊರಗೆ ಬಂದಳು. ಹಣೆಯ ತುಂಬ ಎಣ್ಣೆ, ಇಪ್ಪತ್ತೆರಡರ ಹುಡುಗಿ. ಕರೆಂಟಿನ ಮಗ್ಗ ಗಂಡಸರು ಓಡಿಸಬೇಕು, ಹೆಂಗಸರು ದಾರ ಸುತ್ತಬೇಕು ಎಂಬುದು ಆಗ ಆ ಓಣಿಯ ರೂಢಿ. ಅವಳ ಮಾವ ಅದನ್ನೇ ಹೇಳಿದರೆ, ‘ಯಾರು ಓಡಸಾಕತ್ತಾರಂತ ಮಗ್ಗಕ್ಕ ಗೊತ್ತಾಗೂದಿಲ್ಲರಿ ಮಾಮಾ,’ ಎಂದಿದ್ದಳಂತೆ.

ಅದಕ್ಕೆ ಈಗ ಮೂವತ್ತೊಂದು ವರ್ಷ. ಗಂಡ ದಶರಥ ನಡುವೆಯೇ ತೀರಿಹೋದ. ಮಗ್ಗ ಹನ್ನೆರಡು ದಿನ ನಿಂತಿತ್ತು, ಹದಿಮೂರನೇ ದಿನ ಅವಳೇ ಓಡಿಸಿದಳು. ಮಗ ಸುರಜ ಓದಿ ಸಕ್ಕರೆ ಕಾರ್ಖಾನೆಯ ಆಫೀಸಿಗೆ ಸೇರಿದ. ನಾನು ಅವತ್ತಿನಿಂದ ಇವತ್ತಿನವರೆಗೆ ಅವಳ ಮಗ್ಗಕ್ಕೆ ದಾರ ಸುತ್ತುತ್ತಿದ್ದೇನೆ. ಮೂರನೇ ಇಯತ್ತೆಯ ಅಕ್ಷರ ನನ್ನದು, ಆದರೆ ಅಳತೆ ತಪ್ಪುವುದಿಲ್ಲ.

ಹೋದ ವರ್ಷ ಸುರಜ ಮನೆಯ ಹಿಂಭಾಗ ಕೆಡವಿ ಹೊಸದಾಗಿ ಕಟ್ಟಿಸಿದ. ಮಗ್ಗ ಇರುವುದು ಅಲ್ಲೇ. ಹಿಂದೆ ಐದು ಅಡಿಯ ಸಂದಿ, ಅದರಾಚೆ ಪಕ್ಕದವರ ಗೋಡೆ. ಮೊದಲಿದ್ದದ್ದು ಹಲಗೆಯ ಬಾಗಿಲು, ಹಳೆಯ ಅಂಗಡಿಗಳಿಗೆ ಇರುವಂಥದು. ಒಂದೊಂದೇ ಹಲಗೆ ಎತ್ತಿಟ್ಟರೆ ಎಂಟು ಅಡಿ ಪೂರಾ ಬಯಲು. ಅದು ಹಾಗಿರುವುದಕ್ಕೆ ಕಾರಣ ಬೀಮು. ಹಾಸಿನ ದಾರವೆಲ್ಲ ಸುತ್ತಿಕೊಂಡು ಬರುವ ದೊಡ್ಡ ಉರುಳೆಗೆ ನಾವು ಬೀಮು ಎನ್ನುತ್ತೇವೆ. ಒಂದು ಮುಗಿದರೆ ಇನ್ನೊಂದು ಬರಬೇಕು, ಬರದಿದ್ದರೆ ಮಗ್ಗ ಬರೀ ಕಬ್ಬಿಣ. ಮುಂಬಾಗಿಲಿಂದ ತರಲು ಅಡುಗೆಮನೆಯ ತಿರುವು ಅಡ್ಡ. ಹಿಂದಿನ ಸಂದಿಯಲ್ಲಿ ಮೂವರು ಹೊತ್ತು ಉದ್ದಕ್ಕೆ ತರುತ್ತಾರೆ. ಅಲ್ಲಿಯೂ ತಿರುಗಿಸಲು ಜಾಗವಿಲ್ಲ, ಹಾಗೇ ಅಡ್ಡಡ್ಡ ಒಳಗೆ ಹೋಗಬೇಕು.

‘ಮಗ್ಗ ಇರಲಿ ಅವ್ವ. ಬಾಗಲಾ ಮಾತ್ರ ಗಾಜಿಂದು ಹಾಕೂಣು. ನಾಳಿ ಬೀಗರು ಬಂದರ ಚಂದ ಕಾಣಬೇಕು,’ ಎಂದ ಸುರಜ. ಅವಳು ಬೇಡವೆನ್ನಲಿಲ್ಲ. ಬೆಳಕು ಬಂದರೆ ಹರಿದ ಎಳೆ ಬೇಗ ಕಾಣುತ್ತದೆ.

ನಿಪ್ಪಾಣಿಯಿಂದ ಗಾಜಿನ ಕೆಲಸದ ಮಾಳು ಬಂದ. ‘ಎರಡು ನಮೂನಿ ಅದಾವರಿ ಅಕ್ಕಾ. ಸ್ಲೈಡಿಂಗ್ ಅಂದ್ರ ಸರಸೂದು, ಒಂದರ ಹಿಂದ ಒಂದು ಹೋಗ್ತೈತಿ. ಫೋಲ್ಡಿಂಗ್ ಅಂದ್ರ ಮಡಚಿ ಒಂದ ಬಾಜೂಕ ನಿಲ್ಲಸೂದು. ಸಂದಿ ಸಣ್ಣದೈತಿ, ನಿಮಗ ಸರಸೂದ ಛಲೋ.’

‘ಸರಸಿದರ ಎಷ್ಟು ಬಯಲಾಕೈತಿ?’

‘ಅರ್ಧರಿ. ನಾಕ ಫೂಟ.’

‘ಉಳದ ಅರ್ಧಾ?’

‘ಅಲ್ಲೆ ಗಾಜು ಇರ್ತೈತಿ.’

‘ಹಂಗಾರ ಅದು ಬಾಗಲಾ ಅಲ್ಲ, ಖಿಡಕಿ,’ ಎಂದಳು ಶೇವಂತಾ.

ಸುರಜ ನಡುವೆ ಬಂದ. ‘ಮೂರು ಗಾಜು ಹಾಕಸೂಣು ಅವ್ವ, ಮೂರರಾಗ ಎರಡು ಪಾಲು ಬಯಲು. ಐದು ಫೂಟ ನಾಕ ಇಂಚ. ಬೀಮು ನಾಕ ಫೂಟ ಎರಡ ಇಂಚ. ನಾನ ಅಳದೇನಿ.’ ಮೊಬೈಲಿನಲ್ಲಿ ಬರೆದಿಟ್ಟುಕೊಂಡಿದ್ದನ್ನು ತೋರಿಸಿದ. ಮಾಳು ಬರೆದುಕೊಳ್ಳಲು ಪೆನ್ನು ತೆಗೆದ.

ಶೇವಂತಾ ನನ್ನ ಕಡೆ ನೋಡಿದಳು. ನಾನು ಎದ್ದೆ. ಟೇಪಿನ ಗೆರೆ ನನ್ನ ಕಣ್ಣಿಗೆ ಕಾಣುವುದಿಲ್ಲ. ಗೋಡೆಗೆ ಆನಿಸಿದ್ದ ಖಾಲಿ ಬೀಮಿನ ಈ ತುದಿಯಿಂದ ಆ ತುದಿಗೆ ದಾರ ಹಿಡಿದು, ಹರಿದು, ಮಾಳುವಿನ ಕೈಗೆ ಕೊಟ್ಟೆ. ಅವನು ಟೇಪು ಇಟ್ಟು ನೋಡಿದ. ಐದು ಅಡಿ ಒಂಬತ್ತು ಇಂಚು.

ಸುರಜ ಬೀಮಿನಲ್ಲಿ ದಾರ ಸುತ್ತುವ ಜಾಗವನ್ನಷ್ಟೇ ಅಳೆದಿದ್ದ. ಎರಡೂ ಕಡೆ ಹೊರಗೆ ಚಾಚಿದ ಕಬ್ಬಿಣದ ತುದಿ ಬಿಟ್ಟಿದ್ದ. ಸಣ್ಣವನಿದ್ದಾಗ ಸಾಲಿಯಿಂದ ಬಂದು ಪಾಟಿಚೀಲ ತೂಗುಹಾಕುತ್ತಿದ್ದದ್ದು ಅದೇ ತುದಿಗೆ.

‘ನೀ ದಾರ ಅಳದಿ ತಮ್ಮಾ. ಹೊರೋರು ಕಬ್ಬಿಣಾನೂ ಹೊರ್ತಾರ,’ ಎಂದೆ.

ಅವನು ನನ್ನ ಮೇಲೆ ಸಿಟ್ಟಾಗಲಿಲ್ಲ, ದಣಿದವನಂತೆ ಕುಳಿತ. ‘ಐದಿಂಚಿಗೆ ಏನಾಕೈತಿ ಆಯಿ? ಬೀಮು ಬರಲಿಲ್ಲಂದ್ರ ಬರಲಿಲ್ಲ. ಅವ್ವಗ ಐವತ್ತೆರಡು ಆತು. ಇನ್ನೆಷ್ಟ ದಿನಾ ಆ ಸಪ್ಪಳಾ?’

ಮಾಳು ಪೆನ್ನು ಕಿಸೆಗೆ ಇಟ್ಟುಕೊಂಡ. ಶೇವಂತಾ ಓಡುತ್ತಿದ್ದ ಮಗ್ಗ ಬಂದ್ ಮಾಡಿ ಬಂದಳು, ಮಾತು ಸರಿಯಾಗಿ ಕೇಳಲಿ ಎಂದು.

‘ಮಗ್ಗ ಮುಚ್ಚಂತ ನನ್ನ ಮಾರಿ ಮುಂದ ಹೇಳಲೇ ಸುರಜ. ಬಾಗಲಾ ಕಡಿಂದ ಹೇಳಸಬ್ಯಾಡ.’

‘ಮುಚ್ಚಂದ್ರ ಮುಚ್ತಿ ಏನು?’

‘ಇಲ್ಲ.’

‘ಬೀಗರು ಸಪ್ಪಳಾ ಕೇಳಿ ಹೊಳ್ಳಿ ಹೋದರ?’

‘ಹೋಗಲಿ. ಕೇಳಿನೂ ಕುಂತವರ ಮಗಳನ್ನ ತರೂಣು.’ ಆಮೇಲೆ ಮಾಳುವಿನ ಕಡೆ ತಿರುಗಿದಳು. ‘ಮಡಚೂದು ಬರಕೋ.’

‘ಅದಕ್ಕ ಕೀಲ ಭಾಳರಿ. ಹತ್ತಿ ಧೂಳ ಕೂಡ್ತೈತಿ, ಮ್ಯಾಲಿಂದ ಮ್ಯಾಲೆ ಎಣ್ಣಿ ಬೇಕು. ಮಗ್ಗದ ಹೊಡತಕ್ಕ ಗಾಜು ನಡಗ್ತೈತಿ.’

‘ಮೂವತ್ತು ವರ್ಷ ದಿನಾ ಮುಂಜಾನೆ ಮಗ್ಗಕ್ಕ ಎಣ್ಣಿ ಹಾಕೇನಿ. ನಿನ್ನ ಕೀಲಿಗೆ ಹಾಕಾಕ ನನಗ ಕಲಸ್ತಿಯೇನು? ಗಾಜಿಗೆ ಸುತ್ತ ರಬ್ಬರ ಬಡಿ, ದಪ್ಪಂದು.’

ನಾನು ಒಂದೇ ಮಾತು ಕೂಡಿಸಿದೆ. ಬೀಮು ಬರುವ ಕಡೆಗೆ ಅಲ್ಲ, ಆಚೆ ಬದಿಗೆ ಮಡಚಬೇಕು. ಇಲ್ಲದಿದ್ದರೆ ಬಾಗಿಲೇ ದಾರಿ ಕಟ್ಟುತ್ತದೆ. ಮಾಳು ಅದನ್ನೂ ಬರೆದುಕೊಂಡ.

ಪಂಚಮಿಯ ಹಿಂದಿನ ವಾರ ಬಾಗಿಲು ಕೂತಿತು. ನಾಲ್ಕು ಗಾಜು, ಮಡಚಿದರೆ ಹತ್ತು ಇಂಚು ತಿನ್ನುತ್ತವೆ. ಏಳು ಅಡಿ ಎರಡು ಇಂಚು ಬಯಲು. ಎರಡು ಸಲ ಅಳೆದೆ. ಮಗ್ಗ ಓಡಿದರೆ ಗಾಜು ಸಣ್ಣಗೆ ಗುಂಯ್‌ಗುಡುತ್ತದೆ, ಅದು ಸುಳ್ಳಲ್ಲ.

ಹೊಸ ಬೀಮು ಬಂದ ದಿನ ಸುರಜ ಮನೆಯಲ್ಲೇ ಇದ್ದ. ಸಂದಿಯಲ್ಲಿ ನಿಂತಿದ್ದ ಅವನ ಬೈಕು ಸರಿಸು ಎಂದು ಯಾರೂ ಹೇಳಲಿಲ್ಲ. ಅವನೇ ತಳ್ಳಿಕೊಂಡು ಹೋಗಿ ಓಣಿಯಲ್ಲಿ ನಿಲ್ಲಿಸಿದ. ಬೀಮು ಅಡ್ಡಡ್ಡ ಒಳಗೆ ಬಂತು. ಕಬ್ಬಿಣದ ತುದಿ ಎಲ್ಲಿಯೂ ತಾಗಲಿಲ್ಲ.

ಹೊತ್ತವರು ಚಹಾ ಕುಡಿದು ಹೋದರು. ಬಾಗಿಲು ಇನ್ನೂ ತೆರೆದೇ ಇತ್ತು. ಶೇವಂತಾ ಕೋಣೆಯ ಆ ತುದಿಗೆ, ಸುರಜ ಸೋಫಾ ಹಾಕಬೇಕೆಂದು ಬಿಟ್ಟಿದ್ದ ಜಾಗಕ್ಕೆ ಹೋಗಿ, ಸ್ವಲ್ಪ ಹೊತ್ತು ನೆಲ ನೋಡುತ್ತ ನಿಂತಳು. ಬಂದು ನನ್ನ ಕೈಗೆ ದಾರ ಕೊಟ್ಟಳು.

‘ಅಳದ ನೋಡ್ರಿ ಮಾವಶಿ, ಆ ಮೂಲ್ಯಾಗ ಇನ್ನೊಂದು ಮಗ್ಗ ಕೂಡ್ತೈತೇನು?’