ಸಿದ್ದೇಶಣ್ಣನ ಸೀಟು

ಆಲ್ದೂರಿನ ಸಿದ್ದೇಶಣ್ಣ ಕಾರಿನಿಂದ ಇಳಿಯುತ್ತಿದ್ದುದು ಕಂತುಗಳಲ್ಲಿ. ಮೊದಲು ಬಾಗಿಲು ತೆರೆದುಕೊಳ್ಳುವುದು. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಒಂದು ಚಪ್ಪಲಿ, ಅದರ ಹಿಂದೆ ಮುಗಿಯದಷ್ಟು ಉದ್ದದ ಒಂದು ಕಾಲು. ಬಳಿಕ ಎರಡೂ ಅಂಗೈಗಳನ್ನು ರಸ್ತೆಗೆ ಊರಿ, ತಲೆ ತಗ್ಗಿಸಿ, ಉಳಿದ ದೇಹವನ್ನು ಮೊಣಕಾಲ ಮೇಲೆ ಎಳೆದುಕೊಂಡು ಹೊರಗೆ ಬರುತ್ತಿದ್ದರು. ಒಮ್ಮೆ ಅಂಚೆ ಕಚೇರಿ ಎದುರು ಹೀಗೆ ಇಳಿಯುವಾಗ, ಅವರಿಗೆ ಪಾಠ ಹೇಳಿದ್ದ ಮೇಷ್ಟ್ರು ಅದೇ ಹೊತ್ತಿಗೆ ಎದುರು ಬಂದರಂತೆ. ಅರವತ್ತು ದಾಟಿದ ಶಿಷ್ಯ ನಡುಬೀದಿಯಲ್ಲಿ ಕಾಲಿಗೆ ಬಿದ್ದದ್ದು ಕಂಡು ಮೇಷ್ಟ್ರು ತಲೆ ಮೇಲೆ ಕೈಯಿಟ್ಟು ಹರಸಿಯೇಬಿಟ್ಟರು.

"ನೀವು ನಿಜ ಹೇಳ್ಲಿಲ್ವಾ ಅಣ್ಣ?" ಎಂದು ಕೇಳಿದೆ.

"ಆಶೀರ್ವಾದ ತಾನಾಗೇ ಬಂದ್ರೆ ಬೇಡ ಅನ್ನಕ್ಕಾಗ್ತದಾ ಮಾರಾಯ? ಅದೂ ಅಲ್ದೆ ನಾನಿನ್ನೂ ಪೂರ್ತಿ ಹೊರಗೆ ಬಂದಿರ್ಲಿಲ್ಲ" ಎಂದರು.

ಮೂಡಿಗೆರೆಯಲ್ಲಿ ನನ್ನದು ಗಾಡಿಗಳ ಸೀಟು ಹೊಲಿಯುವ ಅಂಗಡಿ. ಕಸುಬಿನ ದೋಷವೋ ಏನೋ, ಜನರ ಮುಖಕ್ಕಿಂತ ಅವರು ಕೂತ ಗುರುತೇ ನನಗೆ ಚೆನ್ನಾಗಿ ನೆನಪಿರುತ್ತದೆ. ಒಂದೇ ಪಕ್ಕಕ್ಕೆ ವಾಲಿ ಕೂರುವ ಎಸ್ಟೇಟ್ ಮಾಲೀಕರು, ಅಂಚಿನಲ್ಲೇ ಕೂತು ಅಂಚನ್ನೇ ಸವೆಸುವ, ತೋಟದ ಲೆಕ್ಕ ಬರೆಯುವ ರೈಟರುಗಳು, ಎಲ್ಲರನ್ನೂ ರೆಕ್ಸಿನ್ ನೋಡಿಯೇ ಹೇಳಬಲ್ಲೆ. ಸಿದ್ದೇಶಣ್ಣ ಮಾತ್ರ ನನಗೆ ಸವಾಲಾದ ಗಿರಾಕಿ. ಆರಡಿ ಐದಿಂಚು ಆಳು. ಆಲ್ದೂರು ಪೇಟೆಯಲ್ಲಿ ಅವರದು ಹಾರ್ಡ್‌ವೇರ್ ಅಂಗಡಿ. ಮಾಡಿಗೆ ನೇತುಹಾಕಿದ ಬಕೆಟ್ಟು, ಪೈಪಿನ ಸುರುಳಿಗಳನ್ನು ಬೇರೆ ಅಂಗಡಿಯವರು ಕೋಲು ಹಾಕಿ ಇಳಿಸಿದರೆ, ಇವರು ಬಟ್ಟೆ ಹರವಿದ ತಂತಿಯಿಂದ ಟವೆಲ್ ತೆಗೆದಂತೆ ತೆಗೆದುಕೊಡುತ್ತಿದ್ದರು. ಅಂಗಡಿಯೊಳಗೆ ಅವರ ಎತ್ತರದಿಂದ ಉಪಕಾರ. ಹೊರಗೆ ಕಾಲಿಟ್ಟರೆ ತೊಂದರೆ ಶುರು.

ಮದುವೆಯ ದಿನದಿಂದಲೂ ಹಾಗೇ. ಹೂವಿನ ಕಾರಿನಲ್ಲಿ ಪೇಟ ಸುತ್ತಿದ ಮದುಮಗನ ತಲೆಗೆ ಜಾಗ ಸಾಲಲಿಲ್ಲವಂತೆ. ಪೇಟ ತೆಗೆಯುವುದು ಶುಭವಲ್ಲವೆಂದು ಹಿರಿಯರು ಹಟ ಹಿಡಿದರು. ಕೊನೆಗೆ ಮದುಮಗಳು ವಿಶಾಲಕ್ಕ ಒಬ್ಬರೇ ಕಾರಿನಲ್ಲಿ, ಸಿದ್ದೇಶಣ್ಣ ಹಿಂದಿನ ಲಾರಿಯಲ್ಲಿ ವಾಲಗದವರ ಜೊತೆ ನಿಂತುಕೊಂಡು, ಜಾವಳಿಯಿಂದ ಆಲ್ದೂರಿಗೆ ಮೆರವಣಿಗೆ ಬಂತು. ಆಮೇಲೂ ಬಸ್ಸಿನಲ್ಲಿ ವಿಶಾಲಕ್ಕ ಕೂರುವುದು, ಇವರು ಬಾಗಿಲ ಹತ್ತಿರ ಕುತ್ತಿಗೆ ಓರೆ ಮಾಡಿ ನಿಲ್ಲುವುದು. ಜೀಪಾದರೆ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ಇವರು, ಅದರ ಬೆನ್ನಿಗೆ ಒತ್ತಿಕೊಂಡು ಹಿಂದೆ ವಿಶಾಲಕ್ಕ. ಮೂವತ್ತೈದು ವರ್ಷದಲ್ಲಿ ಗಂಡ ಹೆಂಡತಿ ಅಕ್ಕಪಕ್ಕ ಕೂತು ಒಂದೂ ದೂರದ ಪ್ರಯಾಣ ಮಾಡಿರಲಿಲ್ಲ.

ಅದಕ್ಕೇ ಅವರು ಬೆಂಗಳೂರಿನ ಯಾರಿಂದಲೋ ಹಳೆಯ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ತಂದರು. ಎರಡೇ ಸೀಟು, ತುಕ್ಕು ಹಿಡಿದು ಮಡಚಲು ಬಾರದ ಬಟ್ಟೆಯ ಮಾಡು, ನೆಲಕ್ಕೂ ಅದಕ್ಕೂ ಒಂದು ಗೇಣು. ಇರುವ ಕಾರುಗಳಲ್ಲೆಲ್ಲ ಅತಿ ಕುಳ್ಳಾದದ್ದನ್ನು ಹುಡುಕಿ ತಂದಿದ್ದೀರಲ್ಲ ಎಂದು ನಾನು ಬೈದೆ.

"ನೋಡು ಮಾರಾಯ, ಇದ್ರಲ್ಲಿ ಹಿಂದಿನ ಸೀಟೇ ಇಲ್ಲ. ಅಕ್ಕಪಕ್ಕ ಕೂರೋದು ಬಿಟ್ರೆ ಬೇರೆ ದಾರೀನೇ ಇಲ್ಲ" ಎಂದರು. "ನಂಗೆ ಯಾವ ಗಾಡೀಲೂ ಜಾಗ ಸಾಲಲ್ಲ. ಸಾಲ್ದೇ ಇರೋದೇ ನನ್ನ ಹಣೆಬರಹ ಆದ್ರೆ ಚೆಂದದ ಗಾಡೀಲೇ ಸಾಲ್ದೇ ಇರ್ಲಿ" ಎಂದೂ ಸೇರಿಸಿದರು.

ವಿಶಾಲಕ್ಕ ಕಾರನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ ಷರತ್ತು ಹಾಕಿದರು. "ಗೋಕರ್ಣಕ್ಕೆ ಕರ್ಕೊಂಡು ಹೋಗಿ, ಬರ್ತೀನಿ. ಆದ್ರೆ ದಾರೀಲಿ ಒಂದೇ ಒಂದ್ಸಲ 'ಅಯ್ಯೋ' ಅಂದ್ರೂ ಕಾರು ಮಾರ್ಬಿಡ್ಬೇಕು. ಮನೇಲಿ ನಿಮ್ಮ ಸೊಂಟಕ್ಕೆ ಎಣ್ಣೆ ತಿಕ್ಕೋಳು ನಾನು."

ಅಯ್ಯೋ ಎನ್ನದೆ ಗೋಕರ್ಣ ಮುಟ್ಟುವ ಸೀಟು ಮಾಡಿಕೊಡುವ ಹೊಣೆ ಹೀಗೆ ನನ್ನ ತಲೆಗೆ ಬಂತು.

ಮೊದಲು ಸೀಟಿನ ಸ್ಪಂಜು ತೆಗೆದು ತೆಳ್ಳಗೆ ಮಾಡಿದೆ. ತಲೆ ಮಾಡಿನಿಂದ ಬಿಡಿಸಿಕೊಂಡಿತು, ಸೊಂಟ ಹಿಡಿದುಕೊಂಡಿತು. ಬೆನ್ನೊರಗನ್ನು ಹಿಂದಕ್ಕೆ ಬಾಗಿಸಿದೆ. ಕ್ಷೌರಕ್ಕೆ ಕೂತವರ ಹಾಗೆ ಮುಖ ಮೇಲೆ ಮಾಡಿ ಆಲ್ದೂರಿನಿಂದ ಮೂಡಿಗೆರೆಗೆ ಬಂದು, "ಆಕಾಶ ಚೆನ್ನಾಗಿ ಕಾಣ್ತದೆ, ರಸ್ತೆ ಎಲ್ಲಿ?" ಎಂದರು. ಸ್ಟೇರಿಂಗಿಗೆ ಮೊಣಕಾಲು ತಾಗುತ್ತಿದ್ದುದರಿಂದ ಎಡಕ್ಕೆ ತಿರುಗಿಸಬೇಕಾದರೆ ಬಲಗಾಲಿನ ಮೊಣಕಾಲನ್ನು ಕಿಟಕಿಯಿಂದ ಹೊರಗೆ ಕಳಿಸಬೇಕಿತ್ತು. ಬಲಗಡೆ ಮೊಣಕಾಲು ಕಂಡರೆ ಸಿದ್ದೇಶಣ್ಣ ಎಡಕ್ಕೆ ಹೋಗುತ್ತಾರೆ ಎಂದು ನಮ್ಮ ಕಡೆಯ ಬಸ್ ಡ್ರೈವರುಗಳು ಕಲಿತುಬಿಟ್ಟಿದ್ದರು. ಚಿಕ್ಕಮಗಳೂರಿನ ಸಿಗ್ನಲ್ಲಿನಲ್ಲಿ ಇನ್ನೊಂದು ಪೇಚು. ಮಾಡಿನ ಅಂಚು ಕಣ್ಣಿಗೆ ಅಡ್ಡ ಬಂದು ದೀಪ ಕಾಣುತ್ತಿರಲಿಲ್ಲ. ಹಿಂದಿನವರು ಹಾರ್ನ್ ಹೊಡೆದರೆ ಹಸಿರು ಬಂದಿದೆ ಎಂದು ತಿಳಿದು ಹೊರಡುತ್ತಿದ್ದರು. ಒಮ್ಮೆ ಹಿಂದೆ ಯಾರೂ ಇರಲಿಲ್ಲ. ಮೂರು ಸಲ ಹಸಿರು ಬಂದು ಹೋದ ಮೇಲೆ ಪೊಲೀಸಿನವರು ಬಂದು ಬಗ್ಗಿ ಯಾಕೆ ನಿಂತಿದ್ದೀರಿ ಎಂದು ಕೇಳಿದರೆ, "ಹಿಂದೆ ಯಾರಾದ್ರೂ ಬರ್ಲಿ ಅಂತ ಕಾಯ್ತಿದೀನಿ ಸಾರ್" ಎಂದರಂತೆ.

ಸ್ಪಂಜು, ತೆಂಗಿನ ನಾರು, ಹತ್ತಿ, ನನ್ನ ವಿದ್ಯೆಯೆಲ್ಲ ಮುಗಿಯಿತು. ಆಗ ಅವರೇ ಒಂದು ಉಪಾಯ ತಂದರು. ಕಾಫಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ, ತುಂಬಿದ ಮೂಟೆಯ ಮೇಲೆ ಕೂತರೆ ಅದು ಕೂತವನ ಮೈಗೆ ತಕ್ಕಂತೆ ತಗ್ಗುತ್ತದಲ್ಲ! ಸೀಟಿನ ತಗಡು ಮಾತ್ರ ಉಳಿಸಿಕೊಂಡು ಅದರ ಮೇಲೆ ಅಂಥದೊಂದು ಚಪ್ಪಟೆ ಮೂಟೆ ಕೂರಿಸಬೇಕು. ಜಾವಳಿಯಲ್ಲಿ ವಿಶಾಲಕ್ಕನ ತಂದೆಯ ಕಾಲದ ಪುಟ್ಟ ಕಾಫಿ ತೋಟವಿದೆ. ಅಲ್ಲಿನ ಗೋದಾಮಿನಿಂದ ಒಂದು ಸಣ್ಣ ಮೂಟೆ ತಂದರು. ಬೀಜಕ್ಕೆ ಬೂದಿ ಹತ್ತಿತ್ತು. ಗೋದಾಮಿನ ಧೂಳು ಎಂದು ಅವರೂ ತಿಳಿದರು, ನಾನೂ ತಿಳಿದೆ. ಗೋಣಿಯಲ್ಲಿ ಅಳತೆಗೆ ಹೊಲಿದು ಕೊಟ್ಟೆ.

ಕೂತವರೇ ಕಣ್ಣು ಮುಚ್ಚಿಕೊಂಡರು. "ಅವ್ವನ ತೊಡೆ ಇದ್ದಂಗಿದೆ ಮಾರಾಯ" ಎಂದರು. ನನ್ನ ಕೆಲಸವನ್ನು ಅಷ್ಟು ಚೆನ್ನಾಗಿ ಯಾರೂ ಹೊಗಳಿಲ್ಲ.

ಎರಡು ತಿಂಗಳು ಅಭ್ಯಾಸ ನಡೆಯಿತು. ದಿನಾ ಅಂಗಡಿ ಮುಚ್ಚುವ ಮೊದಲು ಒಂದು ಸುತ್ತು, ಭಾನುವಾರ ದೇವರಮನೆ ಗುಡ್ಡಕ್ಕೆ ಹೋಗಿ ಬರುವುದು. ಅಷ್ಟರಲ್ಲಿ ಕಾಫಿ ಹೂವಿಗೆ ಬೀಳುವ ಬೇಸಿಗೆ ಮಳೆ ನಾಲ್ಕು ಸಲ ಚೆನ್ನಾಗಿ ಹುಯ್ಯಿತು. ಬಟ್ಟೆಯ ಮಾಡು ಸರಿಯಾಗಿ ಡ್ರೈವರ್ ಸೀಟಿನ ಮೇಲೇ ಸೋರುತ್ತಿತ್ತು. ಸಿದ್ದೇಶಣ್ಣ ಒಂದು ಟವೆಲ್ ಹಾಸಿಕೊಂಡು ಅದರ ಮೇಲೇ ಕೂರುತ್ತಿದ್ದರು. ಹೊರಡುವ ಹಿಂದಿನ ವಾರ ಫೋನ್ ಮಾಡಿ, "ತಲೆ ಮತ್ತೆ ಮಾಡಿಗೆ ತಾಗ್ತಿದೆ ಮಾರಾಯ. ಸೀಟು ಎತ್ತರ ಆಗ್ತಿದೆ" ಎಂದರು. ಸೀಟು ಬೆಳೆಯುವುದುಂಟೇ? "ನೀವೇ ಬೆಳೀತಿದೀರೇನೋ ನೋಡ್ಕೊಳಿ" ಎಂದೆ. ಅವರು ನಿಜವಾಗಿಯೂ ಬಾಗಿಲ ದಾರಂದಕ್ಕೆ ನಿಂತು ವಿಶಾಲಕ್ಕನ ಕೈಯಲ್ಲಿ ಅಳತೆ ತೆಗೆಸಿದರಂತೆ.

ಆಲ್ದೂರಿನಿಂದ ಬೆಳಿಗ್ಗೆ ಹೊರಟು, ಕಳಸ, ಕುದುರೆಮುಖದ ಮೇಲೆ ಘಟ್ಟ ಇಳಿದು ಗೋಕರ್ಣ ಸೇರುವ ಲೆಕ್ಕ. ಕಳಸದವರೆಗೆ ಸಿದ್ದೇಶಣ್ಣನ ಬಾಯಿಂದ 'ಅಯ್ಯೋ' ಬರಲಿಲ್ಲ. ವಿಶಾಲಕ್ಕ ಆಮೇಲೆ ನನಗೆ ಹೇಳಿದ್ದು ಹೀಗೆ: "ಪಕ್ಕದಲ್ಲಿ ಕೂತು ನೋಡಿದ್ರೆ ಇವ್ರು ಎಷ್ಟು ಮಾತಾಡ್ತಾರೆ ಅಂತ ಗೊತ್ತಾಯ್ತು. ಇಷ್ಟು ವರ್ಷ ಮುಂದಿನ ಸೀಟಲ್ಲಿ ಕೂತು ಮಾತಾಡ್ತಿದ್ದುದು ಹಿಂದೆ ನಂಗೆ ಕೇಳಿಸ್ತಾನೇ ಇರ್ಲಿಲ್ಲ."

ಕಳಸದಲ್ಲಿ ತಿಂಡಿಗೆ ಇಳಿದರು. ಇವರು ಕಂತುಗಳಲ್ಲಿ ಹೊರಬರುವಾಗ ಟವೆಲ್ಲೂ ಜೊತೆಗೇ ಬಂತು. ಗೋಣಿಯ ಎರಡೂ ಪಕ್ಕದ ಹೊಲಿಗೆಯ ಸಂದಿನಲ್ಲಿ ಬಿಳಿ ಬೇರು, ಅದರ ಮೇಲೆ ಪುಟ್ಟ ಟೋಪಿ ಹಾಕಿಕೊಂಡ ಹಾಗೆ ಬೀಜ ಹೊತ್ತ ಕಾಫಿ ಸಸಿಗಳು! ನರ್ಸರಿಯಲ್ಲಿ ಕಾಣಬೇಕಾದ್ದು ಸ್ಪೋರ್ಟ್ಸ್ ಕಾರಿನಲ್ಲಿ ಕಂಡಿತು. ವಿಶಾಲಕ್ಕ ಅಲ್ಲೇ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟರು.

ಅದು ಮಾರುವ ಪಾರ್ಚ್‌ಮೆಂಟ್ ಆಗಿರಲಿಲ್ಲ. ಬಿತ್ತನೆಗೆಂದು ಬೂದಿ ಸವರಿ ನೆರಳಲ್ಲಿ ಒಣಗಿಸಿದ ಬೀಜ. ತಮ್ಮ ತಂದೆ ನೆಟ್ಟ ಹಳೆಯ ಗಿಡಗಳಿಗೆ ಕಾಂಡಕೊರಕ ಹುಳ ಹತ್ತಿ, ಕಡಿದು ಸುಡುವ ಮೊದಲು, ಅವುಗಳ ಕೊನೆಯ ಹಣ್ಣಿನಿಂದ ವಿಶಾಲಕ್ಕ ತಾವೇ ಆರಿಸಿ ಇಟ್ಟದ್ದು. ಗೋದಾಮಿನಲ್ಲಿ ಮೂಟೆ ಕಾಣದೆ ಎರಡು ತಿಂಗಳಿಂದ ಹುಡುಕಿ, ಗಂಡನನ್ನೂ ಕೇಳಿದ್ದರು. ಕಾಫಿಯವರ ಮಧ್ಯೆಯೇ ಬದುಕಿದ ಮನುಷ್ಯ, "ಬಿತ್ತನೆ ಬೀಜ ನಾನು ಕಂಡಿಲ್ಲ ಕಣೇ" ಎಂದು ಅದರ ಮೇಲೆ ಕೂತೇ ಉತ್ತರ ಕೊಟ್ಟಿದ್ದರು.

"ಇವತ್ತೇ ಮಣ್ಣಿಗೆ ಹಾಕಿದ್ರೆ ಪಕ್ಕದಲ್ಲಿರೋವಾದ್ರೂ ಬದುಕ್ತಾವೆ" ಎಂದರು ವಿಶಾಲಕ್ಕ. ಅಷ್ಟೇ ಹೇಳಿದ್ದು. ವಾಪಸ್ ಹೋಗೋಣ ಎನ್ನಲಿಲ್ಲ. ಗೋಕರ್ಣ ಮುಂದಿತ್ತು, ಮೂವತ್ತೈದು ವರ್ಷದ ಆಸೆ. ಸಿದ್ದೇಶಣ್ಣ ಹೆಂಡತಿಯನ್ನು ಕಾರಿನಲ್ಲಿ ಕೂರಿಸಿ, ಮೂಟೆಯನ್ನು ಎರಡೂ ಕೈಯಲ್ಲಿ ಎತ್ತಿ ಅವರ ತೊಡೆಯ ಮೇಲಿಟ್ಟರು. ಹೋಟೆಲಿನವರಿಂದ ಒಂದು ಖಾಲಿ ಚೀಲ ಇಸಿದುಕೊಂಡು, ಮಡಚಿ ಬರೀ ತಗಡಿನ ಮೇಲೆ ಹಾಸಿ, ಕಾರನ್ನು ಜಾವಳಿಯ ಕಡೆಗೆ ತಿರುಗಿಸಿದರು. ಆ ತಗಡಿನಲ್ಲಿ ನಾಲ್ಕು ಬೋಲ್ಟಿನ ತಲೆಗಳಿದ್ದವು. ಕಳಸದಿಂದ ಜಾವಳಿಯವರೆಗೆ ಎಷ್ಟು ತಿರುವು ಎಂದು ಆ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು. ಮನುಷ್ಯ ತುಟಿ ಬಿಚ್ಚಲಿಲ್ಲ.

ಮಧ್ಯಾಹ್ನ ನನಗೆ ವಿಶಾಲಕ್ಕನ ಫೋನು. "ಸ್ಪ್ಯಾನರ್ ತಗೊಂಡು ಬೇಗ ಜಾವಳಿಗೆ ಬಾ. ಇವ್ರಿಗೆ ಕಾರಿಂದ ಇಳಿಯಕ್ಕಾಗ್ತಿಲ್ಲ."

ಹೋಗಿ ನೋಡಿದರೆ, ಬೆನ್ನು ಹಿಡಿದು ಮಡಚಿಕೊಂಡ ಸಿದ್ದೇಶಣ್ಣ ಬಿಗಿಯಾಗಿ ಹಲ್ಲು ಕಚ್ಚಿ ಕೂತಿದ್ದರು. ಬಾಗಿಲು ಬಿಚ್ಚಿದೆ. ಬೆನ್ನೊರಗು ಬಿಚ್ಚಿದೆ. ತೋಟದ ಮೇಸ್ತ್ರಿ ಕಾಲು ಹಿಡಿದರು, ನಾನು ಕಂಕುಳಿಗೆ ಕೈ ಕೊಟ್ಟೆ. ಎತ್ತಿ ಹುಲ್ಲಿನ ಮೇಲೆ ಮಲಗಿಸಿದೆವು. ಮಲಗಿದಲ್ಲೇ ನರ್ಸರಿಯ ಕಡೆ ಕತ್ತು ತಿರುಗಿಸಿ, "ಎಷ್ಟು ಬದುಕ್ತಾವೆ?" ಎಂದು ಕೂಗಿದರು. ಪ್ಲಾಸ್ಟಿಕ್ ತೊಟ್ಟೆಗಳಿಗೆ ಮಣ್ಣು ತುಂಬಿ ಒಂದೊಂದೇ ಸಸಿ ಊರುತ್ತಿದ್ದ ವಿಶಾಲಕ್ಕ, "ನೀವು ಕೂತಲ್ಲಿ ಎಲ್ಲಾ ಹೋಯ್ತು, ನೀವು ಕೂರದಲ್ಲಿ ಬದುಕಿದಾವೆ. ಮುನ್ನೂರಾದ್ರೂ ಸಿಗ್ತಾವೆ" ಎಂದರು.

"ಈಗ ಅಯ್ಯೋ ಅನ್ಲಾ?"

"ಹೂಂ, ಈಗ ಅನ್ನಿ."

ಎರಡು ತಿಂಗಳಿಂದ ಒಳಗೆ ತಡೆದಿಟ್ಟುಕೊಂಡಿದ್ದೆಲ್ಲ ಒಟ್ಟಿಗೆ ಬಂತು. ಅಂಥ 'ಅಯ್ಯೋ' ನಾನು ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಪಕ್ಕದ ಗದ್ದೆಯ ಬೆಳ್ಳಕ್ಕಿಗಳು ಎದ್ದು ಹೋದವು. ವಿಶಾಲಕ್ಕ ಮಣ್ಣಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕರು, ನಗುತ್ತಾ ಕಣ್ಣು ಒರೆಸಿಕೊಂಡರು.

ಕಾರು ಮಾರುವ ಮಾತು ಮತ್ತೆ ವಿಶಾಲಕ್ಕನ ಬಾಯಲ್ಲಿ ಬರಲಿಲ್ಲ. ಆದರೆ ಡಾಕ್ಟರು ದೂರದ ಡ್ರೈವಿಂಗ್ ಬಿಡಿಸಿದರು. ಗೋಕರ್ಣ ಹಾಗೇ ಉಳಿಯಿತು. ಸಿದ್ದೇಶಣ್ಣ ಆಗಾಗ ಬಸ್ಸಿನಲ್ಲಿ ಮೂಡಿಗೆರೆಗೆ ಬಂದು ನನ್ನ ಅಂಗಡಿಯ ಬೆಂಚಿನಲ್ಲಿ ಕೂತು, ಹೊಸ ಸೀಟಿನ ನಕ್ಷೆಗಳನ್ನು ಸಿಗರೇಟು ಪ್ಯಾಕಿನ ಹಿಂದೆ ಬರೆದುಕೊಡುತ್ತಿದ್ದರು. ಒಂದಕ್ಕೂ ತಲೆಬುಡ ಇರುತ್ತಿರಲಿಲ್ಲ. ಹೋದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಅಂಗಡಿ ತೆರೆಯಲು ಹೋದವರು ಬಾಗಿಲ ಬಳಿಯೇ ಕುಸಿದರು. ನನಗೆ ಸುದ್ದಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಅವರಲ್ಲಿ ತೀರಿಹೋದವರನ್ನು ಮಲಗಿಸುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಗುಂಡಿಯ ಒಂದು ಪಕ್ಕಕ್ಕೆ ಗೂಡಿನ ಹಾಗೆ ಕೊರೆದು ಅದರೊಳಗೆ ಕೂರಿಸುವುದು ಕ್ರಮ. ನಾನು ಹೋದಾಗ ಗುಂಡಿ ತೆಗೆಯುವವರು ಹಾರೆ ಹಿಡಿದು ನಿಂತಿದ್ದರು. "ಎಲ್ರಿಗೂ ತೋಡೋ ಅಳತೆ ಇವ್ರಿಗೆ ಸಾಲಲ್ಲ. ಕೂತ್ರೆ ಎಷ್ಟೆತ್ತರ ಬರ್ತಾರೋ?" ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ನೆಂಟರಲ್ಲಿ ಯಾರಿಗೂ ಗೊತ್ತಿರಲಿಲ್ಲ. ವಿಶಾಲಕ್ಕ ನನ್ನ ಕಡೆ ನೋಡಿ, "ನೀನೇ ಹೇಳಪ್ಪ" ಎಂದರು.

ಹೇಳಿದೆ. ಮಂಡಿಯಿಂದ ಮಂಡಿಗೆ ಎಷ್ಟು ಅಗಲ ಬೇಕು ಅನ್ನುವುದನ್ನೂ ಹೇಳಿದೆ. ಆಮೇಲೆ ತಡೆಯಲಾರದೆ, ಎಲ್ಲ ಕಡೆಗೂ ಇನ್ನರ್ಧ ಅಡಿ ಜಾಸ್ತಿ ತೋಡಿ ಎಂದೆ. ಅವರು ಹಾಗೇ ತೋಡಿದರು.

ಸಂಜೆ ಅವರನ್ನು ಇಳಿಸಿ ಕೂರಿಸಿದರು. ವಿಭೂತಿ, ಬಿಲ್ವಪತ್ರೆ ಹಾಕುವ ಮೊದಲು ವಿಶಾಲಕ್ಕ ಮೆಲ್ಲಗೆ ನನ್ನ ತೋಳು ಮುಟ್ಟಿ, "ತಲೆ ತಾಗ್ತಿದೆಯಾ ನೋಡು" ಎಂದರು. ನಾನು ಅಂಚಿನಲ್ಲಿ ಮಂಡಿಯೂರಿ ಬಗ್ಗಿ ನೋಡಿದೆ.

"ಇಲ್ಲಕ್ಕ," ಎಂದೆ, "ಎಲ್ಲೂ ತಾಗ್ತಿಲ್ಲ."